ಹುಕ್ರಪ್ಪನವರ ಆಣೆಯ ಕಾಗದ ಹಿಂದೆ ಕೊಡಿ

(ಸಂಶೋಧನಾ ಹುದ್ದೆಗಳ ನೇಮಕ ವಿಭಾಗದ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ)

ಸಿದ್ಧಕಟ್ಟೆ, ಬಂಟ್ವಾಳ ತಾಲೂಕು
೧೨ ನವೆಂಬರ್ ೧೯೬೪

ಮಾನ್ಯರೇ,

ನಮ್ಮ ಮನೆಯ ಯಜಮಾನರಾದ ಸೋದರಮಾವನವರನ್ನು ನೀವು ಒಂದು ಕಾಗದದಿಂದ ಮನೆಯ ಹೊರಗೆ ಹಾಕಿದ್ದೀರಿ. ಆ ಕಾಗದ ನಿಮ್ಮ ಕಡತದಲ್ಲಿದೆ. ಅದನ್ನು ಹಿಂದಿರುಗಿಸಬೇಕೆಂದು ನಾನು ಎರಡು ಸಲ ರಿಜಿಸ್ಟರ್ಡ್ ಅಂಚೆಯಲ್ಲಿ ಬೇಡಿಕೊಂಡೆ. ಎರಡು ಸಲವೂ ನಿಮ್ಮ ಕಚೇರಿಯವರು ಪತ್ರ ತೆಗೆದುಕೊಂಡದ್ದಕ್ಕೆ ಮಾಡಿದ ಸಹಿ ಬಂತು; ಉತ್ತರ ಬರಲಿಲ್ಲ. ಸಹಿ ಬಹಳ ಚೆನ್ನಾಗಿದೆ. ನಾನು ಜನರೆದುರು ಮಾತಾಡಲು ಅಂಜುವವಳು. ಬಸ್ಸಿನಲ್ಲಿ ಕಂಡಕ್ಟರನಿಗೆ ‘ಇಲ್ಲಿ ಇಳಿಯಲಿಕ್ಕುಂಟು’ ಎಂದು ಹೇಳಲಾಗದೆ ಮುಂದಿನ ಊರಿನಲ್ಲಿ ಇಳಿದು ಹಿಂದೆ ನಡೆದು ಬಂದದ್ದುಂಟು. ಅಂಥವಳು ಪತ್ರಿಕೆಯಲ್ಲಿ ಬರೆಯುವಂತೆ ಮಾಡಿದ ಕೀರ್ತಿ ತಮಗೆ ಸಲ್ಲಬೇಕು.

ತಾವು ದಿನಕ್ಕೆ ನೂರು ಕಡತ ನೋಡುವವರು, ನಮ್ಮದು ನೆನಪಿರಲಾರದು. ನನ್ನ ಅಣ್ಣ ಧರ್ಣಪ್ಪ ಐದು ವರ್ಷ ಜರ್ಮನಿಯಲ್ಲಿದ್ದು ಎಂಜಿನಿಯರಿಂಗಿನಲ್ಲಿ, ಅದರಲ್ಲೂ ಬೆಂಕಿ ತಡೆಯುವ ಮಣ್ಣಿನ ಪದಾರ್ಥಗಳ ವಿಷಯದಲ್ಲಿ, ಡಾಕ್ಟರೇಟು ಪಡೆದು ೧೯೬೨ರಲ್ಲಿ ಊರಿಗೆ ಬಂದವನು. ಅವನಿಗೆ ಈ ವಿದ್ಯೆಯ ಓನಾಮ ಹಾಕಿದವರು ಜರ್ಮನಿಯವರಲ್ಲ. ಫರಂಗಿಪೇಟೆಯ ಹತ್ತಿರ ನೇತ್ರಾವತಿಯ ದಂಡೆಯಲ್ಲಿರುವ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷಗಳಿಂದ ಬೆಂಕಿಯ ಕೆಲಸ ಮಾಡುವ ನಮ್ಮ ಸೋದರಮಾವ ಹುಕ್ರಪ್ಪ. ಹೆಂಚು ಸುಡುವ ಗೂಡಿನ ಕಿಂಡಿಯಲ್ಲಿ ಕಣ್ಣಿಟ್ಟು, ಬೆಂಕಿಯ ಬಣ್ಣ ನೋಡಿ, ಇನ್ನೆಷ್ಟು ಸೌದೆ ಬೇಕೆಂದು ಹೇಳುವವರು ಅವರು. ಅಣ್ಣ ರಜೆಯಲ್ಲಿ ಅವರ ಜೊತೆ ಹೋಗಿ ಅದೇ ಕಿಂಡಿಯಲ್ಲಿ ಕಣ್ಣಿಟ್ಟ. ಕೆಂಪು ಯಾವಾಗ ಕಿತ್ತಳೆಯಾಗುತ್ತದೆ, ಕಿತ್ತಳೆ ಯಾವಾಗ ಹಳದಿಯಾಗುತ್ತದೆ, ಆಗ ಮಣ್ಣಿಗೆ ಒಳಗೆ ಏನಾಗುತ್ತದೆ ಎಂದು ಕೇಳಿದ. ಮೊದಲ ಎರಡು ಪ್ರಶ್ನೆಗೆ ಮಾವ ಉತ್ತರ ಹೇಳಿದರು. ಮೂರನೆಯದಕ್ಕೆ, “ಅದು ನನಗೆ ಗೊತ್ತಿಲ್ಲ, ನೀನು ಓದಿ ಬಂದು ನನಗೆ ಹೇಳು” ಎಂದರು. ಅಣ್ಣ ಓದಿ ಬಂದ. ಹೇಳಲಿಕ್ಕೆ ಮಾತ್ರ ನೀವು ಬಿಡಲಿಲ್ಲ.

ಡಾಕ್ಟರೇಟಾದ ಮೇಲೆ ಸಂಶೋಧನೆಯ ಕೆಲಸ ಹುಡುಕುವುದು ಎಂಬ ಉದ್ಯೋಗವೊಂದು ನಮ್ಮ ದೇಶದಲ್ಲಿದೆ ಎಂದು ನಮಗೆ ತಿಳಿದದ್ದು ಅವನು ಬಂದ ಮೇಲೆ. ಒಂದೂವರೆ ವರ್ಷ ಅಣ್ಣ ಅದೇ ಉದ್ಯೋಗ ಮಾಡಿದ. ಒಂದು ಸಂಸ್ಥೆ, ತಮ್ಮ ಅರ್ಹತೆ ನಮ್ಮ ಹುದ್ದೆಗಿಂತ ದೊಡ್ಡದು ಎಂದು ಬರೆಯಿತು. ಇನ್ನೊಂದು, ತಮಗೆ ಅನುಭವ ಸಾಲದು ಎಂದು ಬರೆಯಿತು. ಎರಡೂ ಒಂದೇ ವಾರದಲ್ಲಿ ಬಂದವು. ಮೂರನೆಯ ಸಂಸ್ಥೆಗೆ ತಾನಾಗಿ ನಡೆಯುವ ಯಂತ್ರಗಳನ್ನು ಬಲ್ಲ ಎಂಜಿನಿಯರು ಬೇಕಿತ್ತು. ಜರ್ಮನಿಯಲ್ಲಿ ಹಸಿ ಹೆಂಚನ್ನು ಎತ್ತಿ ಗೂಡಿಗಿಡುವ ಯಂತ್ರದ ಕೈಯೊಂದರ ಜೊತೆ ಅಣ್ಣ ಕೆಲಸ ಮಾಡಿದ್ದನಾದ್ದರಿಂದ ಅದಕ್ಕೂ ಅರ್ಜಿ ಹಾಕಿದ. ಯಂತ್ರ ಬಂದ ಮೇಲೆ ಎಂಜಿನಿಯರನ್ನು ನೇಮಿಸುವುದಾಗಿ ಉತ್ತರ ಬಂತು. ವಿಚಾರಿಸಿದರೆ, ನಡೆಸಲು ಎಂಜಿನಿಯರಿಲ್ಲದ ಕಾರಣ ಯಂತ್ರವನ್ನು ತರಿಸಿಲ್ಲವಂತೆ. ತಾನಾಗಿ ನಡೆಯುವುದು ಎಂದರೆ ಇದೇ ಇರಬೇಕೆಂದು ಅಣ್ಣ ನಕ್ಕ. ಆಗ ಅವನು ಇನ್ನೂ ನಗುತ್ತಿದ್ದ.

ಈ ವರ್ಷ ಜನವರಿಯಲ್ಲಿ ನಿಮ್ಮ ಜಾಹೀರಾತು ಬಂತು. ದೇಶದ ಉಕ್ಕಿನ ಕುಲುಮೆಗಳ ಒಳಗೋಡೆಗೆ ಬೇಕಾದ, ಬೆಂಕಿಗೆ ಬಿರಿಯದ ಇಟ್ಟಿಗೆಯ ಮೇಲೆ ಎರಡು ವರ್ಷ ಸಂಶೋಧನೆ. ಡಾಕ್ಟರೇಟು ಆದವರಿಗೆ ಮಾತ್ರ. ಜುಲೈ ಒಂದಕ್ಕೆ ವಯಸ್ಸು ಮೂವತ್ತು ಮೀರಿರಬಾರದು. ಅಣ್ಣನ ಪ್ರಬಂಧದ ವಿಷಯ ಅದೇ. ಅವನಿಗೆ ಮೂವತ್ತು ತುಂಬುವುದು ಆಗಸ್ಟಿನಲ್ಲಿ. ಅವನ ಪಾಲಿಗೆ ಇದು ಕೊನೆಯ ಬಾಗಿಲು.

ನನ್ನ ಅಕ್ಷರ ಚೆನ್ನಾಗಿದೆ. ಸಾಹಿತ್ಯ ಓದಿದ್ದರಿಂದ ನನಗೆ ಆದ ಲಾಭ ಅದೊಂದೇ ಎಂದು ಮನೆಯಲ್ಲಿ ತಮಾಷೆ ಮಾಡುವುದುಂಟು. ಆದ್ದರಿಂದ ಅರ್ಜಿಯನ್ನು ತುಂಬಿದವಳು ನಾನು. ಏಳನೆಯ ಅಂಕಣದಲ್ಲಿ ತಂದೆಯ ಹೆಸರು ಕೇಳಿದ್ದಿರಿ. ನಾನು ‘ಮುಂಡಪ್ಪ’ ಎಂದು ಬರೆದೆ. ಏಕೆಂದರೆ ನಮ್ಮ ತಂದೆಯ ಹೆಸರು ಮುಂಡಪ್ಪ. ನಿಜವನ್ನು ಬರೆಯುವುದರಿಂದ ಇಷ್ಟು ದೊಡ್ಡ ಅನಾಹುತ ಆಗಬಹುದೆಂದು ನಾನು ಓದಿದ ಯಾವ ಕಾವ್ಯದಲ್ಲೂ ಇರಲಿಲ್ಲ. ಇದ್ದರೂ ಅದು ರಾಜರ ಮನೆಗೆ ಆಗುವ ಅನಾಹುತವೆಂದು ನಾನು ತಿಳಿದಿದ್ದೆ. ಅಣ್ಣ ಓದಿ ನೋಡದೆ ಸಹಿ ಹಾಕಿದ. “ನೀನು ಬರೆದದ್ದರಲ್ಲಿ ತಪ್ಪುಂಟಾ?” ಎಂದ.

ತಪ್ಪು ಇತ್ತು. ಅಣ್ಣನ ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರು ಹುಕ್ರಪ್ಪ ಎಂದಿದೆ. ಅದನ್ನೇ ನೋಡಿ ಕಾಲೇಜಿನವರು, ಪಾಸ್‌ಪೋರ್ಟಿನವರು, ಜರ್ಮನಿಯವರು ಬರೆದುಕೊಂಡಿದ್ದಾರೆ. ಇಪ್ಪತ್ತೈದು ವರ್ಷ ಆ ಹೆಸರು ಯಾರಿಗೂ ಚುಚ್ಚಿರಲಿಲ್ಲ. ಘಟ್ಟದ ಮೇಲಿರುವ ತಮಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಅಳಿಯಸಂತಾನ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಮನೆಯ ಯಜಮಾನ ತಾಯಿಯ ಅಣ್ಣ. ಶಾಲೆಗೆ ಸೇರಿಸುವವರು, ಜ್ವರ ಬಂದರೆ ಹೊತ್ತುಕೊಂಡು ಹೋಗುವವರು, ಬೈಯುವವರು ಎಲ್ಲ ಅವರೇ. ನಮ್ಮ ತಂದೆಯವರು ವಾಮದಪದವಿನ ತಮ್ಮ ತಾಯಿಮನೆಯಲ್ಲಿ ಅಲ್ಲಿಯ ಜವಾಬ್ದಾರಿ ನೋಡಿಕೊಂಡಿದ್ದಾರೆ. ವಾರಕ್ಕೆರಡು ಸಲ ಬರುತ್ತಾರೆ, ಎರಡು ಮನೆಗೂ ಬೇಕಾದವರು. ಇದು ಕದ್ದುಮುಚ್ಚಿ ನಡೆದ ಸಂಗತಿಯಲ್ಲ. ಮದರಾಸು ಸರಕಾರ ಇದಕ್ಕೊಂದು ಕಾನೂನನ್ನೇ ಮಾಡಿತ್ತು. ನಾನು ಶಾಲೆಗೆ ಸೇರುವ ಹೊತ್ತಿಗೆ ಬೇರೆ ಮಾಸ್ಟ್ರು ಬಂದಿದ್ದರಿಂದ ನನ್ನ ಸರ್ಟಿಫಿಕೇಟಿನಲ್ಲಿ ಮುಂಡಪ್ಪ ಎಂದೇ ಇದೆ. ಅಣ್ಣನದರಲ್ಲೂ ಹಾಗೇ ಇರಬೇಕೆಂದು ನಾನು ನಂಬಿದ್ದೇ ನನ್ನ ಮೂರ್ಖತನ.

ನಿಮ್ಮ ಮೊದಲ ಪತ್ರ ಮಾರ್ಚಿನಲ್ಲಿ ಬಂತು. ಅರ್ಜಿದಾರನೂ ಸರ್ಟಿಫಿಕೇಟಿನಲ್ಲಿ ಹೇಳಿದ ವ್ಯಕ್ತಿಯೂ ಒಬ್ಬನೇ ಎಂಬುದಕ್ಕೆ ಪುರಾವೆ ಬೇಕು. ಆಗಬಹುದು. ಅಣ್ಣ ಮತ್ತು ನಾನು ಬೆಳ್ತಂಗಡಿಯ ಹತ್ತಿರ ಮಗಳ ಮನೆಯಲ್ಲಿರುವ ನೋಣಯ್ಯ ಮಾಸ್ಟ್ರನ್ನು ಹುಡುಕಿಕೊಂಡು ಹೋದೆವು. ಅಣ್ಣನ ಹೆಸರನ್ನು ಶಾಲೆಯ ಪುಸ್ತಕದಲ್ಲಿ ಬರೆದವರು ಅವರೇ. ಎಂಬತ್ತರ ಹತ್ತಿರದ ಅವರಿಗೆ ಎಲ್ಲವೂ ನೆನಪಿತ್ತು. “ನಾನು ಕೇಳಿದೆ, ಈ ಹುಡುಗನಿಗೆ ಯಾರು ಅಂತ. ನಾನು ಅಂತ ಹೇಳಿದ ನಿಮ್ಮ ಮಾವ. ಮತ್ತೆ ನಾನು ಯಾರ ಹೆಸರು ಬರೆಯಬೇಕಿತ್ತು? ದಾರಿಯಲ್ಲಿ ಹೋಗುವವರದ್ದಾ?” ಎಂದರು. ಆಮೇಲೆ ಅಣ್ಣನ ಮುಖ ನೋಡಿ, ತಪ್ಪು ತನ್ನದೆಂದು ಬರೆದುಕೊಟ್ಟರು. ಅವರು ತಪ್ಪು ಮಾಡಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ನಿಮ್ಮ ಅಂಕಣಕ್ಕೆ ಕೇಳಲು ಬಾರದ ಪ್ರಶ್ನೆಯನ್ನು ಅವರು ಕೇಳಿದ್ದರು.

ವಾಮದಪದವಿನಿಂದ ತಂದೆಯವರನ್ನೂ ಕರೆಸಿದೆವು. ಅವರು ಈ ವಿಚಾರ ಕೇಳಿ ಬಹಳ ಹೊತ್ತು ನಕ್ಕರು. “ಭಾವನ ಹೆಸರಲ್ಲಿ ಓದಿದ್ದಕ್ಕೆ ಹುಡುಗ ಡಾಕ್ಟರೇಟು ಆದ. ನನ್ನ ಹೆಸರಲ್ಲಿ ಓದಿದ್ದರೆ ನನ್ನ ಹಾಗೆ ಐದನೆಯಲ್ಲೇ ಕೂತಿರ್ತಿದ್ದ” ಎಂದರು. ಮಾವ ನಾಚಿಕೊಂಡು ಎಲೆಅಡಿಕೆಯ ಬಟ್ಟಲನ್ನು ಅವರತ್ತ ದೂಡಿದರು. ನಿಮ್ಮ ಕಚೇರಿಗೆ ಸಂಶಯವಾಗಿದ್ದ ಇಬ್ಬರೂ ತಂದೆಯಂದಿರು ಒಂದೇ ಬಟ್ಟಲಿನಿಂದ ಎಲೆ ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ತಹಶೀಲ್ದಾರರ ಮೊಹರು ಇಲ್ಲ.

ಮೇ ತಿಂಗಳಲ್ಲಿ ನಿಮ್ಮ ಎರಡನೆಯ ಪತ್ರ ಬಂತು. ಅದು ಬಂದಾಗ ಅಣ್ಣ ಮನೆಯಲ್ಲಿರಲಿಲ್ಲ. ಜಗಲಿಯಲ್ಲಿ ನಮ್ಮ ತಾಯಿ ದಮಯಂತಿ, ಒಣಮೀನಿನ ಬುಟ್ಟಿ ಇಳಿಸಿ ನೀರು ಕುಡಿಯುತ್ತಿದ್ದ ಬೀಯಮ್ಮ, ಮತ್ತು ನಾನು. ಲಕೋಟೆಯ ಮೇಲೆ ಸರಕಾರದ ಮುದ್ರೆ ನೋಡಿ ತಾಯಿಗೆ ಕೆಲಸದ ಆದೇಶವೇ ಬಂದಿತೆಂದು ಸಂತೋಷವಾಯಿತು. “ಗಟ್ಟಿ ಓದು. ಬೀಯಮ್ಮನೂ ಕೇಳಲಿ. ಅವಳು ಎತ್ತಿ ಆಡಿಸಿದ ಹುಡುಗ ಅಲ್ವಾ” ಎಂದರು. ನೀವು ಬರೆಯುವುದು ಇಂಗ್ಲಿಷಿನಲ್ಲಿ. ಅವರಿಬ್ಬರಿಗೂ ತಿಳಿಯುವುದು ತುಳು. ನಾನು ಒಂದೊಂದೇ ಸಾಲನ್ನು ತುಳುವಿಗೆ ತಿರುಗಿಸುತ್ತ ಓದಿದೆ. ನಾಲ್ಕನೆಯ ಸಾಲು ಹೀಗಿತ್ತು: ‘ಅರ್ಜಿದಾರರ ತಾಯಿಗೂ ಶ್ರೀ ಹುಕ್ರಪ್ಪ ಎಂಬವರಿಗೂ ಯಾವ ಅವಧಿಯಲ್ಲಿ ಯಾವ ಬಗೆಯ ಸಂಬಂಧವಿತ್ತೆಂಬುದನ್ನು ಸ್ಪಷ್ಟಪಡಿಸತಕ್ಕದ್ದು.’

ನಾನು ನಿಲ್ಲಿಸಿದೆ. ತಾಯಿ, “ಮುಂದೆ?” ಎಂದರು. ಮಾನ್ಯರೇ, ನಾನು ನಾಲ್ಕು ವರ್ಷ ಕಾವ್ಯ, ನಾಟಕ, ಅಲಂಕಾರಶಾಸ್ತ್ರಗಳನ್ನು ಓದಿದವಳು. ಇಲ್ಲದ್ದನ್ನು ಇದ್ದಂತೆ ಹೇಳುವ ಕಲೆಯಲ್ಲಿ ನನಗೆ ಎರಡನೆಯ ದರ್ಜೆ ಬಂದಿದೆ. ಆ ಒಂದು ನಿಮಿಷಕ್ಕೆ ಬೇಕಾದ ಒಂದು ಸುಳ್ಳು ಸಾಲು ನನಗೆ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಬೀಯಮ್ಮ ಬುಟ್ಟಿ ಎತ್ತಿಕೊಂಡು ಎದ್ದು, “ನನಗೆ ಏನೂ ಸರಿ ಕೇಳಿಸಲಿಲ್ಲ ದಮಯಂತಿ, ಈಚೆಗೆ ಕಿವಿ ಮಂದ” ಎಂದು ಅಂಗಳ ದಾಟಿ ಹೋದರು. ಬೀಯಮ್ಮನ ಕಿವಿ ಮಂದವಿಲ್ಲ. ಎರಡು ಗದ್ದೆಯಾಚೆ ಕರೆದರೂ ಕೇಳುತ್ತದೆ. ಒಣಮೀನು ಮಾರುವ ಮುದುಕಿಗೆ ತಿಳಿದಿರುವ ಸಭ್ಯತೆಯನ್ನು ಕಲಿಸುವ ಸಂಸ್ಥೆಯೊಂದನ್ನು ಸರಕಾರ ತೆರೆದರೆ, ಮೊದಲ ತಂಡದಲ್ಲಿ ತಾವು ಸೇರಬೇಕೆಂದು ನನ್ನ ಶಿಫಾರಸು. ವಯಸ್ಸಿನ ಮಿತಿಯನ್ನು ನಿಮಗಾಗಿ ಸಡಿಲಿಸಬಹುದು.

ತಾಯಿ ಅಳಲಿಲ್ಲ. ಒಂದೇ ಮಾತು ಕೇಳಿದರು. “ಇದನ್ನು ಬರೆದವರಿಗೆ ಅಣ್ಣ ಅಂತ ಯಾರೂ ಇಲ್ವಾ?”

ಈ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ತಾವು ಕೇಳಿದ ಅವಧಿಯ ವಿಷಯಕ್ಕೂ ಉತ್ತರ ಕೊಟ್ಟುಬಿಡುತ್ತೇನೆ: ಅವರಿಬ್ಬರ ಸಂಬಂಧ ನಮ್ಮ ತಾಯಿ ಹುಟ್ಟಿದ ದಿನ ಆರಂಭವಾಯಿತು, ನಮ್ಮ ಅಜ್ಜಿ ಒಬ್ಬರೇ ಇಬ್ಬರನ್ನೂ ಹೆತ್ತದ್ದರಿಂದ ಆದದ್ದು. ತಮ್ಮ ಕಡತದಲ್ಲಿ ಅದಕ್ಕೊಂದು ಅಂಕಣ ಇರಲಿಕ್ಕಿಲ್ಲ. ಮಾವನ ಹೆಂಚಿನ ಕಾರ್ಖಾನೆಯಲ್ಲಿ ಸುಟ್ಟ ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಗಂಟೆಯ ಹಾಗೆ ದನಿ ಬಂದರೆ ಒಳ್ಳೆಯದು, ಒಡಕಾಗಿ ಬಂದರೆ ಒಳಗೆ ಬಿರುಕು. ಅದು ಯಾರ ಗದ್ದೆಯ ಮಣ್ಣು ಎಂದು ಯಾರೂ ಕೇಳುವುದಿಲ್ಲ. ನೀವು ಅಣ್ಣನನ್ನು ಒಂದು ಸಲವಾದರೂ ಬಡಿದು ನೋಡಿದ್ದೀರಾ? ಅವನ ಪ್ರಬಂಧವನ್ನು ಬಿಚ್ಚಿದ್ದೀರಾ? ಮೂರು ಪತ್ರಗಳಲ್ಲಿ ಇಟ್ಟಿಗೆ ಎಂಬ ಶಬ್ದ ಒಂದು ಸಲವೂ ಬಂದಿಲ್ಲ.

ಎರಡನೆಯ ಪತ್ರದ ಜೊತೆ ಒಂದು ಅಚ್ಚಾದ ನಮೂನೆ ಇತ್ತು. ತಪ್ಪಾಗಿ ತಂದೆಯೆಂದು ನಮೂದಾದ ವ್ಯಕ್ತಿ ಅದರ ಪ್ರಕಾರ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಪ್ರಮಾಣ ಮಾಡಿ ಅಫಿದವಿತು ಕೊಡಬೇಕು, ಒಂದಕ್ಷರವೂ ಬದಲಾಗಕೂಡದು. ಅದರ ಕೊನೆಯ ಸಾಲು: ‘ಮೇಲೆ ಹೇಳಿದ ವ್ಯಕ್ತಿಗೂ ಅವರ ಕುಟುಂಬಕ್ಕೂ ನನಗೂ ಯಾವ ಸಂಬಂಧವೂ ಇರುವುದಿಲ್ಲವೆಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳುತ್ತೇನೆ.’ ಸೋದರಮಾವ ಎಂದು ಸೇರಿಸಬಹುದೇ ಎಂದು ಮೂಡಬಿದಿರೆಯ ಒಬ್ಬ ವಕೀಲರನ್ನು ಕೇಳಿದೆವು. ಸೇರಿಸಿದರೆ ಕಾಗದ ಹಿಂದೆ ಬರುತ್ತದೆ, ಹೋಗಿ ಬರುವಷ್ಟರಲ್ಲಿ ನೇಮಕದ ಗಡುವಾದ ಜುಲೈ ಕಳೆಯುತ್ತದೆ ಎಂದರು ಅವರು. ಅದು ಬರೀ ಕಾಗದ, ಇಂಥ ಹತ್ತು ಅಫಿದವಿತು ತಾನು ದಿನಾ ಮಾಡಿಸುತ್ತೇನೆ ಎಂದೂ ಧೈರ್ಯ ಹೇಳಿದರು. ಅಣ್ಣ ಬೇಡವೆಂದ. ಮಾವ ಬಿಡಲಿಲ್ಲ. “ನನ್ನ ಹೆಸರು ಅಡ್ಡ ಬಂದದ್ದು. ನಾನೇ ತೆಗೀತೇನೆ” ಎಂದರು. ಮಾವನಿಗೆ ತಿಳಿಯಲೆಂದು ಆ ನಮೂನೆಯನ್ನು ಕನ್ನಡಕ್ಕೆ ತಿರುಗಿಸಿ ಅಂದವಾಗಿ ಬರೆದವಳು, ಮತ್ತೆ, ನಾನು.

ಜೂನ್ ಎಂಟರಂದು ಬಂಟ್ವಾಳದ ಕೋರ್ಟಿನ ಜಗಲಿಯಲ್ಲಿ ಗುಮಾಸ್ತರು ಅದನ್ನು ಓದಿ ಹೇಳಿದರು. ಮಾವ ಚಪ್ಪಲಿ ಕಳಚಿ ದೂರ ಇಟ್ಟು, ಹೆಗಲಿನ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಸುತ್ತಿ, ಕೈಮುಗಿದು ನಿಂತರು. “ಚಪ್ಪಲಿ ಇರಲಿ ಮಾರಾಯ್ರೆ, ಇದು ಗುಡಿಯಾ?” ಎಂದು ಗುಮಾಸ್ತರು ನಕ್ಕರು. ಮಾವ, “ದೇವರ ಹೆಸರುಂಟಲ್ಲ ಅದರಲ್ಲಿ” ಎಂದರು. ಆಗಲಾದರೂ ನನಗೆ ಹೊಳೆಯಬೇಕಿತ್ತು. ನಮ್ಮ ಊರಿನಲ್ಲಿ ಆಣೆ ಎಂದರೆ ಹಗುರದ ಮಾತಲ್ಲ. ಗದ್ದೆಯ ಬದುವಿನ ಜಗಳ ಆಣೆಗೆ ಮುಗಿಯುತ್ತದೆ, ಆಣೆ ಇಟ್ಟವನು ಮುರಿದರೆ ಅವನ ಮನೆಯಲ್ಲಿ ನೀರು ಕುಡಿಯುವವರಿಲ್ಲ. ದಿನಕ್ಕೆ ಹತ್ತು ಆಣೆ ಮಾಡಿಸುವ ಊರುಗಳೂ ಇವೆಯೆಂದು ಮಾವನಿಗೆ ತಿಳಿಯದು. ಅವರಿಗೆ ಓದು ಬರುವುದಿಲ್ಲ. ಹೆಸರು ಬರೆಯಲು ಮಾತ್ರ ಬರುತ್ತದೆ. ಅದನ್ನು ಕಲಿತದ್ದು ಅಣ್ಣ ಒಂದನೆಯ ತರಗತಿಯಲ್ಲಿದ್ದಾಗ, ಅವನ ಪ್ರೋಗ್ರೆಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದರೆ ಹುಡುಗನಿಗೆ ಅವಮಾನವಾದೀತೆಂದು. ಕಲಿಸಿದವನು ಅಣ್ಣನೇ, ಸ್ಲೇಟಿನ ಮೇಲೆ. ಆ ಮೂರು ಅಕ್ಷರಗಳನ್ನೇ ಅವರು ನಿಮ್ಮ ಕಾಗದದ ಕೆಳಗೆ, ನಾಲಗೆ ಕಚ್ಚಿಕೊಂಡು, ನಿಧಾನವಾಗಿ ಬರೆದರು. ತಮ್ಮ ಕಡತದಲ್ಲಿ ನೋಡಿ. ಒತ್ತಕ್ಷರ ಸ್ವಲ್ಪ ಓರೆಯಾಗಿದೆ. ಅಣ್ಣನ ಹಳೆಯ ಕಾರ್ಡುಗಳಲ್ಲೂ ಅದು ಹಾಗೇ ಓರೆ.

ಹೊರಗೆ ಬಂದ ಮೇಲೆ ಅಣ್ಣ, “ಮನೆಗೆ ಹೋಗುವ ಮಾವ, ಊಟ ಮಾಡಿಕೊಂಡು ಹೋಗುವಿರಂತೆ” ಎಂದು ಕರೆದ. ಕಾರ್ಖಾನೆಯಲ್ಲಿ ಬೆಂಕಿ ಹಾಕುವ ದಿನ ಎಂದು ಹೇಳಿ ಅವರು ಫರಂಗಿಪೇಟೆಯ ಬಸ್ಸು ಹತ್ತಿದರು. ವಾರವಿಡೀ ಅಲ್ಲೇ ಇದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುವುದು ಅವರ ಮೊದಲಿನ ಪದ್ಧತಿ. ಆ ಶನಿವಾರ ಅವರು ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಮೂರನೆಯ ವಾರ ಅಣ್ಣ ಮತ್ತು ನಾನು ಹುಡುಕಿಕೊಂಡು ಹೋದೆವು. ಗೂಡಿನ ಪಕ್ಕದ ಸೌದೆಯ ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು. “ಬನ್ನಿ, ಕೂತುಕೊಳ್ಳಿ” ಎಂದರು ಅಣ್ಣನಿಗೆ. ತಾನು ಎತ್ತಿ ಬೆಳೆಸಿದ ಹುಡುಗನಿಗೆ ಮಾವ ಬಹುವಚನ ಹಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಣ್ಣ ಅವರ ಕೈ ಹಿಡಿದು, ಅದು ಬರೀ ಕಾಗದ, ಮನೆಗೆ ಬನ್ನಿ ಎಂದು ಬೇಡಿದ. ಮಾವ ತಾಳ್ಮೆಯಿಂದ ವಿವರಿಸಿದರು. ಅವರು ತುಳುವಿನಲ್ಲಿ ಹೇಳಿದ್ದನ್ನು ಆದಷ್ಟು ಹಾಗೇ ಬರೆಯುತ್ತೇನೆ. “ಸಂಬಂಧ ಇಲ್ಲ ಅಂತ ದೇವರ ಹೆಸರು ಎತ್ತಿ ಹೇಳಿದ್ದೇನೆ. ಇನ್ನು ಆ ಮನೆಯಲ್ಲಿ ನಾನು ಉಂಡರೆ ಅದು ಸುಳ್ಳಾಗ್ತದೆ. ಸುಳ್ಳಾದರೆ ನಿಮ್ಮ ಕೆಲಸಕ್ಕೆ ತಾಗ್ತದೆ. ಕೆಲಸ ಆಗಲಿ. ನಾನು ಇಲ್ಲೇ ಉಂಟಲ್ಲ.”

ಹೀಗೆ, ಮಾನ್ಯರೇ, ನಿಮ್ಮ ವಿಭಾಗದ ನಮೂನೆಯನ್ನು ಅಕ್ಷರಶಃ ಪಾಲಿಸಿದ ಮನುಷ್ಯ ಇಡೀ ದೇಶದಲ್ಲಿ ಒಬ್ಬರು ಸಿಕ್ಕಿದ್ದಾರೆ. ಅವರಿಗೆ ನೀವು ಏನು ಉತ್ತರ ಕೊಟ್ಟಿರಿ? ಮೂರನೆಯ ಪತ್ರ ಆಗಸ್ಟಿನಲ್ಲಿ, ಅಣ್ಣನಿಗೆ ಮೂವತ್ತು ತುಂಬಿದ ನಾಲ್ಕನೆಯ ದಿನ ಬಂತು. ಅದರ ಸಾರ ಇದು: ಅರ್ಜಿದಾರನು ವಿದೇಶಕ್ಕೆ ಹೋಗುವಾಗ, ಓದು ಮುಗಿಸಿ ದೇಶಕ್ಕೆ ಮರಳುತ್ತಾನೆಂದು ತಂದೆಯ ನೆಲೆಯಲ್ಲಿ ಜಾಮೀನು ನಿಂತವರು ಶ್ರೀ ಹುಕ್ರಪ್ಪ. ಅವರೇ ಈಗ ಯಾವ ಸಂಬಂಧವೂ ಇಲ್ಲವೆಂದು ಪ್ರಮಾಣ ಮಾಡಿರುವುದರಿಂದ ಆ ಜಾಮೀನು ಸುಳ್ಳು ಹೇಳಿಕೆಯ ಮೇಲೆ ಪಡೆದದ್ದೆಂದು ತೋರುತ್ತದೆ. ಆದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ನಿಮ್ಮ ತರ್ಕಕ್ಕೆ ನಾನು ತಲೆಬಾಗುತ್ತೇನೆ. ತಂದೆಯಲ್ಲ ಎಂದು ಪ್ರಮಾಣ ಮಾಡದಿದ್ದರೆ ಅರ್ಜಿ ಸುಳ್ಳು. ಮಾಡಿದರೆ ಜಾಮೀನು ಸುಳ್ಳು. ಆ ಜಾಮೀನಿನಲ್ಲಿ ಹೇಳಿದ್ದಾದರೂ ಏನು? ಹುಡುಗ ಮರಳಿ ಬರುತ್ತಾನೆ ಎಂದು. ಬಂದಿದ್ದಾನೆ. ಬಂದದ್ದಕ್ಕೇ ಅಲ್ಲವೇ ಈ ಶಿಕ್ಷೆ? ಬಾರದೆ ಅಲ್ಲೇ ಉಳಿದವರ ತಂದೆಯ ಹೆಸರನ್ನು ನಿಮ್ಮಲ್ಲಿ ಯಾರಾದರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ.

ಅಣ್ಣ ಈಗ ಅದೇ ಕಾರ್ಖಾನೆಯಲ್ಲಿ ಸುಟ್ಟ ಹೆಂಚುಗಳನ್ನು ಬಡಿದು ಬೇರ್ಪಡಿಸುವ ಕೆಲಸಕ್ಕೆ ಸೇರಿದ್ದಾನೆ. ಸಂಬಳಕ್ಕಾಗಿ ಅಲ್ಲ. ಮಾವ ಮನೆಗೆ ಬಾರದಿದ್ದರೆ ತಾನು ಅವರ ಹತ್ತಿರ ಇರುತ್ತೇನೆ ಎಂದು. ಇಬ್ಬರೂ ಇಪ್ಪತ್ತು ಅಡಿ ದೂರದಲ್ಲಿ ದಿನವಿಡೀ ಇರುತ್ತಾರೆ. ಮಾವ ಅವನನ್ನು ‘ನೀವು’ ಎನ್ನುತ್ತಾರೆ. ಬುತ್ತಿಯನ್ನು ಬೇರೆ ಕೂತು ಬಿಚ್ಚುತ್ತಾರೆ. ಮಣ್ಣಿಗೆ ಒಳಗೆ ಏನಾಗುತ್ತದೆ ಎಂಬ ಆ ಮೂರನೆಯ ಪ್ರಶ್ನೆಗೆ ಅಣ್ಣ ತಂದ ಉತ್ತರವನ್ನು ಅವರು ಇನ್ನೂ ಕೇಳಿಲ್ಲ. ಸಂಬಂಧವಿಲ್ಲದವರಲ್ಲಿ ಹಾಗೆಲ್ಲ ಕೇಳಬಾರದಂತೆ.

ಕೆಲಸ ಸಿಗಲಿಲ್ಲ, ಇನ್ನಾದರೂ ಬನ್ನಿ ಎಂದು ಕಳೆದ ತಿಂಗಳು ನಮ್ಮ ತಾಯಿಯೇ ಹೋಗಿ ಕರೆದರು. ತಂಗಿಯನ್ನು ಸೌದೆಯ ಕೊಟ್ಟಿಗೆಯ ಹೊರಗೇ ನಿಲ್ಲಿಸಿ ಮಾವ ಹೇಳಿದರಂತೆ: “ಕೆಲಸ ಸಿಗಲಿಲ್ಲ ಅಂತ ಆಣೆ ತಾನೇ ಹಿಂದೆ ಬರ್ತದಾ? ಕಾಗದ ಅವರ ಹತ್ತಿರವೇ ಉಂಟಲ್ಲ. ಅದು ನನ್ನ ಕೈಗೆ ಬರಲಿ. ನೇತ್ರಾವತಿಗೆ ಬಿಟ್ಟು, ಮುಳುಗಿ, ಮನೆಗೆ ಬರ್ತೇನೆ.” ತಾಯಿ ಅಲ್ಲಿಂದ ಬಂದವರು ಯಾರನ್ನೂ ಬೈಯಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಮಾವನ ತಟ್ಟೆಯನ್ನು ತೊಳೆದು, ಮಣೆಯ ಮುಂದಿಟ್ಟು, ಬಸ್ಸಿನ ಸದ್ದು ದಾಟಿ ಹೋದ ಮೇಲೆ ಎತ್ತಿಡುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹುದ್ದೆ ಬೇಡ, ಅದನ್ನು ತಂದೆಯ ಹೆಸರು ಸರಿಯಿರುವ ಯಾರಿಗಾದರೂ ಕೊಡಿ, ಕುಲುಮೆ ಬಿರಿದಾಗ ಆ ಹೆಸರನ್ನು ಅದಕ್ಕೆ ಮೆತ್ತಬಹುದು. ಕ್ಷಮಾಪಣೆಯೂ ಬೇಡ; ಅದಕ್ಕೂ ನಿಮ್ಮಲ್ಲೊಂದು ಅಚ್ಚಾದ ನಮೂನೆ ಇದ್ದೀತು. ಜೂನ್ ಎಂಟನೆಯ ತಾರೀಕಿನ ಆ ಒಂದು ಹಾಳೆಯನ್ನು ಹಿಂದೆ ಕಳುಹಿಸಿ. ನಕಲು ಆಗದು, ಮಾವ ಸಹಿ ಹಾಕಿದ್ದೇ ಬೇಕು. ಅಂಚೆಚೀಟಿ ಹಚ್ಚಿ ವಿಳಾಸ ಬರೆದ ಲಕೋಟೆಯನ್ನು ಹಿಂದಿನ ಎರಡು ಪತ್ರಗಳ ಜೊತೆಯೂ ಕಳುಹಿಸಿದ್ದೆ. ಇಂದು ಮೂರನೆಯದನ್ನು ಕಳುಹಿಸಿದ್ದೇನೆ. ಅದರ ಮೇಲೆ ‘ಹುಕ್ರಪ್ಪ, ಧರ್ಣಪ್ಪನ ಮಾವ’ ಎಂದು ಬರೆದಿದ್ದೇನೆ. ಈ ಸಲ ಬರೆಯುವಾಗ ಎರಡು ಬಾರಿ ಓದಿ ನೋಡಿದೆ, ತಪ್ಪಿಲ್ಲ.

ಇಂತಿ,
ಅರ್ಜಿಯನ್ನೂ ಆಣೆಯನ್ನೂ ಅಂದವಾದ ಅಕ್ಷರದಲ್ಲಿ ಬರೆದುಕೊಟ್ಟು, ಶನಿವಾರದ ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕುಳಿತಿರುವ,
ಕುಸುಮ, ಬಿ.ಎ.